ನಮ್ಮ ಚಿತ್ರಕಲಾ ಗುರುಗಳು

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಸಂಜೆಯ ಚಿತ್ರಕಲಾ ತರಗತಿ ನಡೆಸುತ್ತಿದ್ದ ಗುರುಗಳು ಅದಕ್ಕೂ ಮೊದಲು ಪೊಲೀಸ್ ಇಲಾಖೆಯಲ್ಲಿ ಬೆರಳುಮುದ್ರೆ ತಜ್ಞರಾಗಿದ್ದು, ಸ್ವಯಂ ನಿವೃತ್ತಿ ಪಡೆದು ಬಂದವರು. ಕೊಲೆ, ಕಳವಿನ ಕತೆಗಳನ್ನು ಕೇಳುವ ಆಸೆಯಿಂದಲೇ ಆ ತರಗತಿಗೆ ಸೇರಿದವರು ನಮ್ಮಲ್ಲಿ ಹೆಚ್ಚು. ಅಂಥ ಒಂದು ಕತೆಯನ್ನೂ ಅವರು ಹೇಳಲಿಲ್ಲ. ಹೇಳಿದ್ದೆಲ್ಲ ಗೆರೆಗಳ ವಿಷಯ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳುಮುದ್ರೆಯ ಕಚೇರಿ ತೆರೆದ ಕಾಲದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದು ರೂಪಿಸಿದ ವರ್ಗೀಕರಣಕ್ಕೆ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡದ್ದನ್ನು ಮಾತ್ರ ತುಸು ಸಿಟ್ಟಿನಿಂದಲೇ ಹೇಳುತ್ತಿದ್ದರು.

ಕಮಾನು, ಕುಣಿಕೆ, ಸುಳಿ ಎಂಬ ಮೂರು ಬಗೆಗಳನ್ನು ಗುರುತಿಸಿದ ಮೇಲೆ, ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡಾಗಿ ಕವಲೊಡೆಯುತ್ತದೆ ಎಂಬುದನ್ನು ಭೂತಗನ್ನಡಿಯಲ್ಲಿ ನೋಡುತ್ತ ಅವರು ವರ್ಷಗಳನ್ನೇ ಕಳೆದಿದ್ದರು. ಅದು ಯಾರ ಬೆರಳೆಂಬ ಊಹೆ ಮೊದಲೇ ಮನಸ್ಸಿಗೆ ಬಂದರೆ ಇಲ್ಲದ ಗೆರೆಯೂ ಕಾಣತೊಡಗುತ್ತದೆಂಬುದು ಅವರ ಅನುಭವ. ನಾವು ಅವರ ಚಿತ್ರದ ಮುಂದೆ ನಿಂತು ಗುಡ್ಡವೋ ಹೊಳೆಯೋ ಎಂದು ಕೇಳಿದರೆ, "ಏನೈತೆ ಅನ್ನೋದನ್ನ ಮೊದ್ಲು ನೋಡಪ್ಪ, ಏನಿರಬೌದು ಅನ್ನೋದು ಆಮ್ಯಾಲೆ" ಎನ್ನುತ್ತಿದ್ದರು. ಅವರು ಅಮೂರ್ತ ಚಿತ್ರಕ್ಕೆ ಬಂದದ್ದು ಈ ದಾರಿಯಿಂದಲೇ ಎಂದು ನನಗೆ ಅನ್ನಿಸುತ್ತದೆ. ಪೊಲೀಸರಿಗೇಕೆ ಚಿತ್ರ ಎಂದು ಯಾರೋ ಕೆಣಕಿದಾಗ, ಅಮೂರ್ತ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬನಾದ ರಷ್ಯಾದ ಕ್ಯಾಂಡಿನ್ಸ್ಕಿ ಕಾನೂನು ಓದಿ, 1889ರಲ್ಲಿ ವೊಲೊಗ್ಡಾ ಪ್ರಾಂತ್ಯದ ರೈತರ ಕಟ್ಟುಕಟ್ಟಳೆಗಳನ್ನು ಅಧ್ಯಯನ ಮಾಡಲು ಹೋಗಿದ್ದವನು, ಮೂವತ್ತರ ವಯಸ್ಸಿನಲ್ಲಿ ಕುಂಚ ಹಿಡಿದನೆಂದು ನೆನಪಿಸಿದ್ದರು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠವಾಗಿತ್ತು. ಸಂಡೂರಿನ ಕೆಂಪು ಕಬ್ಬಿಣದ ಅದಿರನ್ನು ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಅಗಸೆ ಎಣ್ಣೆ ಸವರಿದ ಅಂಗೈಯನ್ನು ದಪ್ಪ ಕಾಗದದ ಮೇಲೆ ಒತ್ತಿ ಎಳೆದು, ಇಲಾಖೆಯ ದಿನಗಳಲ್ಲಿ ಬಳಸುತ್ತಿದ್ದಂಥ ಮೆತ್ತನೆಯ ಕುಂಚದಿಂದ ಆ ಪುಡಿಯನ್ನು ಮುಟ್ಟಿಯೂ ಮುಟ್ಟದಂತೆ ಆಡಿಸುವರು. ಜಿಡ್ಡಿದ್ದಲ್ಲಿ ಮಾತ್ರ ಪುಡಿ ನಿಂತು, ಉಳಿದದ್ದು ಊದಿದಾಗ ಹಾರಿಹೋಗುತ್ತಿತ್ತು. ಇನ್ನೊಂದು ಬಗೆಯ ಚಿತ್ರಗಳಿಗೆ ಹತ್ತಿ ಮಂಡಿಗಳ ಹಳೆಯ ಲೆಕ್ಕದ ಪುಸ್ತಕಗಳ ಹಾಳೆಗಳೇ ಆಧಾರ. ಅವುಗಳ ಮೇಲೆ ನಿನ್‌ಹೈಡ್ರಿನ್ ದ್ರಾವಣ ಸಿಂಪಡಿಸಿಟ್ಟರೆ, ಎಂದೋ ಪುಟ ತಿರುವಿದ ಕೈಗಳ ಬೆವರಿನಲ್ಲಿದ್ದ ಅಮೈನೊ ಆಮ್ಲಗಳು ಅದರೊಡನೆ ಸೇರಿ, ಒಂದೆರಡು ದಿನಗಳಲ್ಲಿ ನೇರಳೆ ಕಲೆಗಳಾಗಿ ಏಳುತ್ತಿದ್ದವು. ಗುಮಾಸ್ತರ ಅಂಕಿಗಳ ನಡುವೆ ಎದ್ದ ಆ ಕಲೆಗಳಿಗೆ ಅವರು ಸೇರಿಸುತ್ತಿದ್ದುದು ಬೂದುಬಣ್ಣದ ಕೆಲವೇ ಪಟ್ಟೆಗಳನ್ನು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಅವರ ಕೆಂಪು ಚಿತ್ರಗಳೆಲ್ಲ ಗಣಿಯ ಮೇಲಿನ ದೂರುಗಳೆಂದು ಜನ ಓದತೊಡಗಿದರು. ಅವರಿಗೆ ಅದು ಹಿಡಿಸಲಿಲ್ಲ. ಆದರೂ ಆಮೇಲೆ ಬರೆದ ಒಂದೆರಡು ದೊಡ್ಡ ಚಿತ್ರಗಳಲ್ಲಿ ಅಗೆದ ಗುಡ್ಡದ ಆಕಾರ ಇಣುಕಿದ್ದು ನಿಜ. ನನ್ನ ಮಟ್ಟಿಗೆ ಅವು ಅವರ ಸಡಿಲವಾದ ಕೃತಿಗಳು. ಮಂಡಿಯ ಹಾಳೆಗಳ ಮುಂದೆ ನಿಲ್ಲುವಂಥವಲ್ಲ.

ಆ ಹಾಳೆಗಳಲ್ಲಿ ಕೆಲವು ಕಾಲೇಜಿನ ಗ್ರಂಥಾಲಯದ ಗೋಡೆಯಲ್ಲಿ, ಕಿಟಕಿಗೆ ಎದುರಾಗಿಯೇ ತೂಗುತ್ತಿವೆ. ನಿನ್‌ಹೈಡ್ರಿನ್‌ನ ನೇರಳೆ ಬೆಳಕಿಗೆ ಮಾಸುವಂಥದ್ದು. ಆದ್ದರಿಂದ ಅವುಗಳ ಛಾಯಾಚಿತ್ರ ತೆಗೆಸಿ, ಮೂಲವನ್ನು ಬೀರುವಿನಲ್ಲಿ ಇರಿಸಬೇಕೆಂದು ಪ್ರಾಂಶುಪಾಲರಲ್ಲಿ ಈ ಸಂಚಿಕೆಯ ಮೂಲಕ ವಿನಂತಿಸುತ್ತೇನೆ. ಖರ್ಚನ್ನು ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ಹಂಚಿಕೊಳ್ಳಲು ಒಪ್ಪಿದ್ದಾರೆ.