‘ಬೇಗ ಮಲಗಿಸ್ಲಿಕ್ಕೆ ಎಂತಾದ್ರೂ ಉಂಟಾ?’

ಸಣ್ಣ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆ ಯಾವಾಗಲೂ ಇದೇ. “ನಮ್ಮದು ಹನ್ನೊಂದಾದ್ರೂ ಮಲಗುವುದೇ ಇಲ್ಲ ಮಾರಾಯ್ರೆ, ಬೇಗ ಮಲಗಿಸ್ಲಿಕ್ಕೆ ಎಂತಾದ್ರೂ ಉಂಟಾ?” ಮದುವೆ ಹಾಲಿನಲ್ಲಿ ಎಲೆಯ ಮುಂದೆ ಕೂತಾಗ ಕೇಳುತ್ತಾರೆ. ರಾತ್ರಿ 10:40ಕ್ಕೆ ವಾಟ್ಸಾಪ್ ವಾಯ್ಸ್ ಕಳಿಸುತ್ತಾರೆ, ಹಿಂದೆ ಮಗು ಕಿರುಚುವುದು ಕೇಳಿಸುತ್ತಿರುತ್ತದೆ.

ನನಗೆ ಸಿಟ್ಟು ‘ಮಲಗಿಸು’ ಎಂಬ ಶಬ್ದದ ಮೇಲೆ. ಮಗುವನ್ನು ಚಾಪೆಯ ಮೇಲೆ ಮಲಗಿಸಬಹುದು, ಅಷ್ಟೇ. ನಿದ್ದೆ ಬರಬೇಕು. ಎರಡು ವರ್ಷದ ಮಗುವಿಗೆ ಅದು ಎಷ್ಟು ಗಂಟೆಗೆ ಬರುತ್ತದೆ ಎಂಬುದು ಮಧ್ಯಾಹ್ನವೇ ನಿಕ್ಕಿಯಾಗಿರುತ್ತದೆ. ನೀವು ಕೇಳುವುದು ರಾತ್ರಿ.

ಲೆಕ್ಕ ಹಾಕಿ. 1ರಿಂದ 2 ವರ್ಷದವರಿಗೆ ಹಗಲೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, 3ರಿಂದ 5ರವರಿಗೆ 10ರಿಂದ 13. ನಿಮ್ಮ ಮಗುವಿಗೆ 12 ಗಂಟೆ ಸಾಕು ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಏಳುತ್ತದೆ, “ಪಾಪ, ಮಲಗಲಿ” ಅಂತ ಅಜ್ಜಿ ಮೂರೂವರೆಯಿಂದ ಐದೂವರೆವರೆಗೆ ಮಲಗಲು ಬಿಡುತ್ತಾರೆ. ಉಳಿದ ಹತ್ತು ಗಂಟೆ ಶುರುವಾಗುವುದು ರಾತ್ರಿ ಹತ್ತೂವರೆಗೆ. ಒಂಬತ್ತಕ್ಕೆ ಲೈಟ್ ಆರಿಸಿ ಒಂದೂವರೆ ಗಂಟೆ ಯುದ್ಧ ಮಾಡಿದರೆ ಅದು ಮಗುವಿನ ತಪ್ಪಲ್ಲ.

ಹಾಗಾಗಿ ನನ್ನನ್ನು ಕೇಳಬೇಕಾದದ್ದು “ಬೆಳಿಗ್ಗೆ ಎಷ್ಟು ಗಂಟೆಗೆ ಏಳಿಸುವುದು?” ಅಂತ. ಯಾರೂ ಕೇಳುವುದಿಲ್ಲ, ಮಲಗಿದ ಮಗುವನ್ನು ಏಳಿಸುವುದೆಂದರೆ ನಮ್ಮಲ್ಲಿ ಮಹಾಪಾಪ. ಏಳಕ್ಕೆ ಏಳಿಸಿ, ಕಿಟಕಿ ತೆಗೆಯಿರಿ, ಅಂಗಳಕ್ಕೆ ಕರೆದುಕೊಂಡು ಹೋಗಿ, ಬೆಳಕು ಕಣ್ಣಿಗೆ ಬೀಳಲಿ. ಮಧ್ಯಾಹ್ನ ಹನ್ನೆರಡೂವರೆಗೆ ಮಲಗಲಿ, ಎರಡೂವರೆಗೆ ಏಳಿಸಿ. ಏನೇ ಆದರೂ ಗಡಿಯಾರದಲ್ಲಿ ಮೂರು ದಾಟಲೇಬಾರದು. ರಾತ್ರಿ ಎಂಟೂವರೆಗೆ ತಾನಾಗಿ ತೂಕಡಿಸುತ್ತದೆ, ಒಂಬತ್ತಕ್ಕೆ ನಿದ್ದೆ. ಒಂದೇ ದಿನ ಎಲ್ಲ ಬದಲಿಸಬೇಡಿ, ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ, ಬೆಳಿಗ್ಗೆಯಿಂದ ಶುರುಮಾಡಿ. ಇನ್ನು ಕೆಲವರು ಹಗಲು ನಿದ್ದೆಯನ್ನೇ ಬಿಡಿಸುತ್ತಾರೆ. ಎರಡು ವರ್ಷಕ್ಕೆ ಅದು ಬೇಡ. ಹೊತ್ತು ಮೀರಿದ ಮಗು ಸುಸ್ತಾಗಿ ಬೀಳುವುದಿಲ್ಲ, ಸೋಫಾದಿಂದ ಸೋಫಾಕ್ಕೆ ಹಾರುತ್ತದೆ. ಅದನ್ನು ನೋಡಿ “ನಿದ್ದೆಯೇ ಬಂದಿಲ್ಲ” ಅನ್ನುತ್ತೀರಿ.

ಇನ್ನು ಮಲಗುವ ಮೊದಲಿನ ಹೊತ್ತಿನ ವಿಷಯ. ಏಳಕ್ಕೆ ಊಟ, ಗಂಜಿಯೋ ಮೊಸರನ್ನವೋ, ಹೊಟ್ಟೆ ಬಿರಿಯುವಷ್ಟು ಬೇಡ. ಏಳೂವರೆಗೆ ಉಗುರು ಬೆಚ್ಚಗಿನ ನೀರಿನ ಸ್ನಾನ. ಬೆಚ್ಚಗಿನ ನೀರಿಗೆ ಚರ್ಮದ ಕಡೆಗೆ ರಕ್ತ ಹರಿದು ಒಳಗಿನ ಶಾಖ ಹೊರಗೆ ಹೋಗುತ್ತದೆ, ಮೈ ತಣಿಯುವಾಗ ನಿದ್ದೆ ಬರುತ್ತದೆ. ಸುಡುನೀರು ಹೊಯ್ದು ತಕ್ಷಣ ಹಾಸಿಗೆಗೆ ಹಾಕಿದರೆ ಉಲ್ಟಾ. ನಮ್ಮ ಕರಾವಳಿಯ ತೇವದಲ್ಲಿ ಬೆವರು ಆರುವುದಿಲ್ಲ, ಚೆನ್ನಾಗಿ ಒರೆಸಿ, ತೆಳು ಹತ್ತಿಯ ಬನಿಯನ್ ಹಾಕಿ, ಫ್ಯಾನ್ ಇರಲಿ. ಆ ಫ್ಯಾನಿಗೆ ಇನ್ವರ್ಟರ್ ಲೈನ್ ಕೊಡಿಸಿ. ಮೇ ತಿಂಗಳಲ್ಲಿ ಕರೆಂಟ್ ಹೋದಾಗ ಸೆಕೆಗೆ ಮಾತ್ರವಲ್ಲ, ಫ್ಯಾನಿನ ಸದ್ದು ನಿಂತದ್ದಕ್ಕೂ ಮಗು ಏಳುತ್ತದೆ.

ಎಂಟರ ಹೊತ್ತಿಗೆ ಟ್ಯೂಬ್‌ಲೈಟ್ ಬಂದ್, ಮೊಬೈಲೂ ಬಂದ್. ನಿಮ್ಮದೂ. ಹಲ್ಲುಜ್ಜುವುದು, ನೀರು, ಮೂತ್ರ ಎಲ್ಲ ಸೊಳ್ಳೆಪರದೆಯ ಹೊರಗೇ ಮುಗಿಯಲಿ. ಒಳಗೆ ಹೋದ ಮೇಲೆ ಎರಡು ಕಥೆ. ಮೂರನೆಯದು ಕೇಳಿದರೆ “ನಾಳೆ” ಎಂಬ ಒಂದೇ ಮಾತು, ಒಂದೇ ಸಪ್ಪೆ ದನಿಯಲ್ಲಿ. ಐದನೇ ಸಲ ಕೇಳಿದಾಗ ಒಪ್ಪಿಕೊಂಡಿರೋ, ಐದು ಸಲ ಕೇಳಬೇಕು ಅಂತ ಕಲಿಸಿಕೊಟ್ಟ ಹಾಗಾಯಿತು. ಅಂಗಡಿ ಮುಚ್ಚಿ ಒಂಬತ್ತಕ್ಕೆ ಬರುವ ಅಪ್ಪಂದಿರು ಮಗುವನ್ನು ಮೇಲಕ್ಕೆ ಹಾರಿಸುವ ಆಟವನ್ನು ಬೆಳಿಗ್ಗೆ ಏಳೂವರೆಗೆ ಆಡಲಿ.

ಹೆಗಲ ಮೇಲೆ ತೂಗಿ ತೂಗಿ ನಿದ್ದೆ ಹೋದ ಮೇಲೆ ಕೆಳಗಿಡುವವರಿಗೆ: ಮಗುವಿನ ನಿದ್ದೆ ರಾತ್ರಿಯಲ್ಲಿ ಹಲವು ಸಲ ತೆಳುವಾಗುತ್ತದೆ. ಆಗ ಹೆಗಲಿಲ್ಲ, ಚಾಪೆ ಉಂಟು. ಅಳದೆ ಏನು ಮಾಡೀತು? ಕಣ್ಣು ಬಿಟ್ಟಿರುವಾಗಲೇ ಮಲಗಿಸಿ, ಪಕ್ಕದಲ್ಲಿ ಮಲಗಿ ಬೆನ್ನು ತಟ್ಟಿ. ನಾಲ್ಕು ದಿನದ ನಂತರ ತಟ್ಟುವುದು ನಿಲ್ಲಿಸಿ ಕೈ ಮಾತ್ರ ಇಡಿ. ಮತ್ತೆ ನಾಲ್ಕು ದಿನಕ್ಕೆ ಕೈಯೂ ತೆಗೆಯಿರಿ. ಮೂರನೆಯ ರಾತ್ರಿ ಅಳು ಜಾಸ್ತಿಯಾದರೆ ಹೆದರಿ ಮತ್ತೆ ಹೆಗಲಿಗೆ ಹಾಕಬೇಡಿ.

ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಶೀತದ ಸಿರಪ್ ಒಂದು ಮುಚ್ಚಳ ಕೊಡುವುದು, ಎರಡೂ ಬೇಡ. ತೇಯ್ದದ್ದು ಎಷ್ಟೆಂದು ಅಳತೆಯಿಲ್ಲ, ಹೆಚ್ಚಾದರೆ ಜಾಯಿಕಾಯಿ ವಿಷವೇ. ಸಿರಪ್ಪು ಕೆಲವು ಮಕ್ಕಳನ್ನು ಇನ್ನಷ್ಟು ಕೆರಳಿಸುತ್ತದೆ, ಉಸಿರಾಟಕ್ಕೂ ಅಪಾಯ. ಬಾಯಿ ಬಿಟ್ಟು ದಿನಾ ಗೊರಕೆ ಹೊಡೆಯುವ ಮಗುವನ್ನು ಡಾಕ್ಟರಿಗೆ ತೋರಿಸಿ, ನನಗಲ್ಲ.

ಪಕ್ಕದ ಗದ್ದೆಯಲ್ಲಿ ಬಯಲಾಟ ಇದ್ದರೆ ಮೈಕಿನ ಚೆಂಡೆಗೆ ನನ್ನಲ್ಲಿ ಮದ್ದಿಲ್ಲ. ಮರುದಿನ ಅರ್ಧ ಗಂಟೆ ಮಾತ್ರ ತಡವಾಗಿ ಏಳಿಸಿ. ಭಾನುವಾರ ಮಂಗಳೂರಿನ ಪಣಂಬೂರು ಬೀಚಿಗೆ ಹೋಗುವುದಕ್ಕೆ ಮಾತ್ರ ಮದ್ದು ಉಂಟು. ಸೂರ್ಯ ಮುಳುಗಿದ ಮೇಲೆ ವಾಪಸು ಹೊರಟರೆ ದಾರಿಯ ಕೂಳೂರು ಸೇತುವೆಯ ಟ್ರಾಫಿಕ್ ಬ್ಲಾಕಿನಲ್ಲಿ ಮಗು ಕಾರಿನಲ್ಲೇ ಇಪ್ಪತ್ತು ನಿಮಿಷ ನಿದ್ದೆ ಹೊಡೆಯುತ್ತದೆ. ಆ ಇಪ್ಪತ್ತು ನಿಮಿಷಕ್ಕೆ ರಾತ್ರಿ ಎರಡು ಗಂಟೆ ಕಟ್ಟಬೇಕು. ನಾಲ್ಕಕ್ಕೇ ಹೋಗಿ, ಆರಕ್ಕೆ ಹೊರಡಿ, ಸೇತುವೆ ದಾಟುವವರೆಗೆ ಹಿಂದಿನ ಸೀಟಿನಲ್ಲಿ ಯಾರಾದರೂ ಅದರ ಜೊತೆ ಹಾಡು ಹೇಳುತ್ತಿರಿ.