ಕೋಚ್ ಒಳ್ಳೆಯವರು, ಊರಿಗೆಲ್ಲ ಗೊತ್ತು

ಮಾರ್ಚ್ 9, 2025, ಭಾನುವಾರ

ಇಡೀ ಮಧ್ಯಾಹ್ನ 'ಲಾ ಆ್ಯಂಡ್ ಆರ್ಡರ್: ಎಸ್‌ವಿಯು' ಹಳೆಯ ಎಪಿಸೋಡ್‌ಗಳಲ್ಲೇ ಹೋಯಿತು. ನ್ಯೂಯಾರ್ಕ್ ಪೊಲೀಸರಲ್ಲಿ ಲೈಂಗಿಕ ಅಪರಾಧಗಳನ್ನೇ ನೋಡಿಕೊಳ್ಳುವ ವಿಭಾಗದ ಕಥೆ ಅದು. 1999ರಿಂದ ಓಡುತ್ತಲೇ ಇದೆ, ಪೂರ್ತಿ ನೋಡಿ ಮುಗಿಸುವ ಆಸೆ ನನಗಂತೂ ಇಲ್ಲ. ಇವತ್ತು ಸಿಕ್ಕಿದ್ದು ಹದಿಮೂರನೇ ಸೀಸನ್ನಿನ ಎರಡನೇ ಎಪಿಸೋಡ್, 'ಪರ್ಸನಲ್ ಫೌಲ್ಸ್'. ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿ ಹೆಸರು ಮಾಡಿದ ಕೋಚ್ ಒಬ್ಬನ ಮೇಲೆ ದೌರ್ಜನ್ಯದ ಆರೋಪ ಬರುತ್ತದೆ. ಅವನ ಕೈಯಲ್ಲಿ ಬೆಳೆದ ಹುಡುಗನೊಬ್ಬ ಈಗ ದೊಡ್ಡ ಸ್ಟಾರ್. ಅವನು ಬಾಯಿ ಬಿಡುತ್ತಾನಾ ಇಲ್ಲವಾ ಅನ್ನುವುದರ ಮೇಲೆ ಕಥೆ ನಿಂತಿದೆ. ಕೊನೆ ಹೇಳಲ್ಲ, ನೋಡುವವರು ನೋಡಿಕೊಳ್ಳಲಿ.

ನನಗೆ ತುಂಬಾ ಹಿಡಿಸಿದ್ದು ಕೋಚ್ ಪಾತ್ರಕ್ಕೆ ಆರಿಸಿದ ನಟ. ಡ್ಯಾನ್ ಲಾರಿಯಾ. ಅಮೆರಿಕದಲ್ಲಿ ಒಂದು ತಲೆಮಾರಿಗೆ ಆತ 'ದಿ ವಂಡರ್ ಇಯರ್ಸ್' ಸೀರಿಯಲ್ಲಿನ ಅಪ್ಪ. ಸಿಡುಕ, ಆದರೆ ನಂಬಬಹುದಾದ ಅಪ್ಪ. ಈ ಎಪಿಸೋಡಿಗೆ ಸ್ವಲ್ಪ ಮುಂಚೆ, 2010-11ರಲ್ಲಿ, ಬ್ರಾಡ್‌ವೇ ನಾಟಕವೊಂದರಲ್ಲಿ ವಿನ್ಸ್ ಲೊಂಬಾರ್ಡಿ ಆಗಿದ್ದ. ಅಮೆರಿಕನ್ ಫುಟ್‌ಬಾಲಿನಲ್ಲಿ ದೇವರ ಹಾಗೆ ಕಾಣುವ ಕೋಚ್ ಆತ, ಸೂಪರ್ ಬೌಲ್ ಟ್ರೋಫಿಗೆ ಅವನದೇ ಹೆಸರು. ಅಂಥ ಮುಖವನ್ನು ತಂದು ಈ ಪಾತ್ರಕ್ಕೆ ಕೂರಿಸಿದ್ದಾರೆ. ಬೇಕಂತಲೇ ಮಾಡಿದರೋ, ಹಾಗೇ ಒದಗಿಬಂತೋ, ಕೆಲಸವಂತೂ ಮಾಡುತ್ತದೆ. ಆರೋಪ ಕೇಳಿದ ಕೂಡಲೇ ನೋಡುವವನ ಬಾಯಲ್ಲಿ ಮೊದಲು ಬರುವುದು 'ಛೇ, ಇವರಾ? ಇರಲಿಕ್ಕಿಲ್ಲ' ಅಂತ. ಆಟದ ಲೋಕದ ಇಂಥ ಕೇಸುಗಳಿಗೆಲ್ಲ ಬೀಗ ಹಾಕುವುದೇ ಆ ಮಾತು.

ನಡುವೆ ನಿಜವಾದ ಬ್ಯಾಸ್ಕೆಟ್‌ಬಾಲ್ ಸ್ಟಾರ್‌ಗಳಾದ ಕಾರ್ಮೆಲೊ ಆ್ಯಂಥನಿ, ಕ್ರಿಸ್ ಬಾಷ್ ತಮ್ಮದೇ ಹೆಸರಲ್ಲಿ ಬಂದು ಹೋಗುತ್ತಾರೆ. ಎಪಿಸೋಡ್ ಬಂದ 2011ರಲ್ಲಿ ಜುಲೈ 1ರಿಂದ ಡಿಸೆಂಬರ್ 8ರವರೆಗೆ ಎನ್‌ಬಿಎ, ಅಂದರೆ ಅಲ್ಲಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ, ಲಾಕೌಟ್; ಆಟಗಾರರ ಜೊತೆ ಒಪ್ಪಂದ ಆಗದೆ ಟೀಮಿನ ಮಾಲೀಕರು ಬಾಗಿಲು ಹಾಕಿದ್ದರು. ಆಡಲು ಮ್ಯಾಚಿಲ್ಲ, ನಟನೆಗೆ ಪುರುಸೊತ್ತು ಸಿಕ್ಕಿರಬೇಕು ಪಾಪ! ಅವರು ಬಂದಾಗ ನನ್ನ ಗಮನ ಕಥೆ ಬಿಟ್ಟು ಅವರ ಎತ್ತರದ ಮೇಲೆ ಹೋಯಿತು. ಇಬ್ಬರೂ ಒಂದೇ ವರ್ಷ ಕಾಲೇಜಿನಲ್ಲಿ ಆಡಿ, 2003ರ ಡ್ರಾಫ್ಟಿನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, ಮೂರನೆಯ ಮತ್ತು ನಾಲ್ಕನೆಯವರಾಗಿ ಆಯ್ಕೆಯಾದವರು. ಹತ್ತೊಂಬತ್ತರ ಹುಡುಗರಿಗೆ ಕೋಟಿಗಟ್ಟಲೆ ಡಾಲರ್. ಹೀಗೆ ಆಗಬಹುದು ಅಂತ ಹದಿಮೂರರ ಹುಡುಗನಿಗೂ ಗೊತ್ತು, ಅವನ ಅಪ್ಪ ಅಮ್ಮನಿಗೂ ಗೊತ್ತು. ಆ ದಾರಿಯ ಬಾಗಿಲಲ್ಲಿ ನಿಂತಿರುವವನು ಕೋಚ್. ಟೀಮಿಗೆ ಯಾರು, ಬೆಂಚಿಗೆ ಯಾರು, ಕಾಲೇಜಿನವರು ಆಟ ನೋಡಲು ಬಂದಾಗ ಯಾರನ್ನು ಮುಂದೆ ತಳ್ಳುವುದು, ಎಲ್ಲ ಅವನ ಕೈಯಲ್ಲಿ. ಪೊಲೀಸರು ಬಂದು 'ಹೇಳಪ್ಪಾ ಏನಾಯಿತು' ಅಂದರೆ ಹುಡುಗ ಯಾವ ಧೈರ್ಯದ ಮೇಲೆ ಹೇಳಬೇಕು?

ಜೊತೆಗೆ ಕೂತಿದ್ದ ತಂಗಿ ಸುಮ್ಮನಿರಲಿಲ್ಲ. "ಅಲ್ಲಕ್ಕಾ, ಅಪ್ಪ ಅಮ್ಮ ಏನು ಮಾಡ್ತಿದ್ರು ಅಷ್ಟು ವರ್ಷ?" ಎಲ್ಲರೂ ಕೇಳುವ ಪ್ರಶ್ನೆ. "ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ಹೊಡೀತಿದ್ರು ಕಣೇ" ಅಂದೆ. ಅವಳಿಗೆ ಕೋಪ ಬಂತು. ನಾನು ಹೇಳಿದ್ದು ಚುಚ್ಚುವುದಕ್ಕಲ್ಲ. ಇಂಥವನು ಮೊದಲು ಒಲಿಸಿಕೊಳ್ಳುವುದು ಮಗುವನ್ನಲ್ಲ, ಮನೆಯವರನ್ನು. ಅಮೆರಿಕದ ಜಿಮ್ನಾಸ್ಟಿಕ್ಸ್ ಟೀಮಿನ ಡಾಕ್ಟರ್ ಲ್ಯಾರಿ ನಾಸರ್ ಕೇಸಿನಲ್ಲಿ ಕೆಲವು ತಾಯಂದಿರು ಅದೇ ಕೋಣೆಯಲ್ಲಿ ಕೂತಿದ್ದರು. ಅವರಿಗೆ ಕಾಣದ ಹಾಗೆ ಅಡ್ಡ ನಿಂತುಕೊಂಡು, ಚಿಕಿತ್ಸೆ ಅನ್ನುವ ಹೆಸರಲ್ಲಿ ಅವನು ಮಾಡಿದ್ದು. ತಂಗಿ ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಎಪಿಸೋಡ್ ಪ್ರಸಾರವಾಗಿದ್ದು 2011ರ ಸೆಪ್ಟೆಂಬರ್ 28ಕ್ಕೆ. ಆರು ವಾರ ಕೂಡ ಆಗಿರಲಿಲ್ಲ, ನವೆಂಬರ್ 5ಕ್ಕೆ ಪೆನ್ಸಿಲ್ವೇನಿಯಾದಲ್ಲಿ ಜೆರ್ರಿ ಸ್ಯಾಂಡಸ್ಕಿ ಅರೆಸ್ಟ್ ಆದ. ಪೆನ್ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಟೀಮಿನ ಮಾಜಿ ಸಹಾಯಕ ಕೋಚ್. ಕಷ್ಟದಲ್ಲಿರುವ ಮಕ್ಕಳಿಗಾಗಿ ಅಂತ 1977ರಲ್ಲಿ ಒಂದು ಸೇವಾಸಂಸ್ಥೆ ಶುರು ಮಾಡಿದ್ದ. ಅಲ್ಲಿಗೆ ಬಂದ ಹುಡುಗರನ್ನೇ ಮ್ಯಾಚಿಗೆ ಕರೆದುಕೊಂಡು ಹೋಗಿ, ಉಡುಗೊರೆ ಕೊಟ್ಟು, ಬಲೆಗೆ ಹಾಕಿಕೊಳ್ಳುತ್ತಿದ್ದ. ಸೀರಿಯಲ್‌ನವರು ಮುಂಚೆಯೇ ಭವಿಷ್ಯ ನುಡಿದರು ಅಂತ ಈಗ ಅನ್ನಿಸಬಹುದು. ಆದರೆ ತನಿಖೆ ನಡೆಯುತ್ತಿದೆ ಅನ್ನುವ ಸುದ್ದಿಯನ್ನು ಅಲ್ಲಿನ 'ಪೇಟ್ರಿಯಟ್-ನ್ಯೂಸ್' ಪತ್ರಿಕೆ ಮಾರ್ಚ್ ಕೊನೆಯಲ್ಲೇ ಹಾಕಿತ್ತು. ದೊಡ್ಡ ದೊಡ್ಡವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಅಷ್ಟೇ. ಬರೆದ ಸಾರಾ ಗ್ಯಾನಿಮ್ ಮತ್ತು ಪತ್ರಿಕೆಯ ಸಿಬ್ಬಂದಿಗೆ ಮರುವರ್ಷ ಪುಲಿಟ್ಜರ್ ಬಂತು. 2012ರ ಜೂನ್‌ನಲ್ಲಿ ಜ್ಯೂರಿ 48ರಲ್ಲಿ 45 ಆರೋಪ ಸಾಬೀತಾಗಿದೆ ಅಂದಿತು. ಶಿಕ್ಷೆ 30ರಿಂದ 60 ವರ್ಷ.

ಆ ತನಿಖೆ ಶುರುವಾಗಿದ್ದು ಯಾವ ಸ್ಟಾರ್‌ನಿಂದಲೂ ಅಲ್ಲ, 2008ರಲ್ಲಿ ಒಬ್ಬ ಹೈಸ್ಕೂಲ್ ಹುಡುಗನಿಂದ. ಅಲ್ಲಿಂದ ಅರೆಸ್ಟ್ ಆಗುವವರೆಗೆ ಮೂರು ವರ್ಷ. ನಾಸರ್ ವಿರುದ್ಧ 2016ರಲ್ಲಿ ಮೊದಲು ಹೆಸರು ಹೇಳಿಕೊಂಡು ಮುಂದೆ ಬಂದ ರೇಚಲ್ ಡೆನ್‌ಹಾಲಂಡರ್ ಕೂಡ ಒಲಿಂಪಿಕ್ಸ್ ಆಡಿದವರಲ್ಲ, ವಕೀಲಿ ಓದಿದ ಗೃಹಿಣಿ. ಒಲಿಂಪಿಕ್ಸ್ ಚಿನ್ನ ಗೆದ್ದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಹೇಳಿದ್ದು ಆಮೇಲೆ, 2018ರ ಜನವರಿಯಲ್ಲಿ. ನನಗೆ ಈ ಎಪಿಸೋಡ್ ಮೇಲೆ ತಕರಾರಿರುವುದು ಇಲ್ಲೇ. ಟಿವಿಗೆ ಸ್ಟಾರ್ ಬೇಕು. ಅವನು ಕಣ್ಣೀರು ಹಾಕಿದರೆ ಕೇಸು ನಿಲ್ಲುತ್ತದೆ, ಹಾಕದಿದ್ದರೆ ಬೀಳುತ್ತದೆ. ನಿಜವಾಗಿ ಮೊದಲ ಕಲ್ಲು ಸರಿಸಿದವರನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಗೆದ್ದವರು ಬಂದು ಹೇಳಿದಾಗ ಜನ ಕಿವಿ ಕೊಟ್ಟರು, ಅದು ನಿಜ. ಆದರೆ ಅಷ್ಟು ಹೊತ್ತಿಗೆ ಬಾಗಿಲು ತೆಗೆದಾಗಿತ್ತು.

ಕಾನೂನಿನ ಗಂಟು ಇನ್ನೊಂದು. ಆಗ ನ್ಯೂಯಾರ್ಕಿನಲ್ಲಿ ಇಂಥ ಬಹುಪಾಲು ಪ್ರಕರಣಗಳಲ್ಲಿ ಸಂತ್ರಸ್ತರಿಗೆ 23 ತುಂಬುವುದರೊಳಗೆ ಕೇಸು ಹಾಕಬೇಕಿತ್ತು. ದೊಡ್ಡವನಾಗಿ, ಹೆಸರು ಮಾಡಿ, ಹೇಳುವ ಧೈರ್ಯ ಬರುವ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು. 2019ರಲ್ಲಿ ಚೈಲ್ಡ್ ವಿಕ್ಟಿಮ್ಸ್ ಆ್ಯಕ್ಟ್ ಬಂದ ಮೇಲೆ ಕ್ರಿಮಿನಲ್ ಕೇಸಿಗೆ ಆ ವಯಸ್ಸು 28 ಆಯಿತು, ಪರಿಹಾರದ ದಾವೆಗೆ 55. ಅದಕ್ಕೂ ಒಂದು ವರ್ಷ ಮುಂಚೆ ಅಮೆರಿಕದ ಕೇಂದ್ರ ಸರ್ಕಾರದ ಸೇಫ್‌ಸ್ಪೋರ್ಟ್ ಕಾನೂನು ಬಂದಿತ್ತು. ದೌರ್ಜನ್ಯದ ಅನುಮಾನ ಬಂದರೆ 24 ಗಂಟೆಯೊಳಗೆ ತಿಳಿಸಲೇಬೇಕು. ಒಲಿಂಪಿಕ್ ಆಟಗಳ ಸಂಸ್ಥೆಗಳಲ್ಲಿ ಕೋಚ್ ಮಗುವಿಗೆ ಮೆಸೇಜ್ ಕಳಿಸಿದರೆ ಅದರಲ್ಲಿ ಮನೆಯವರೂ ಇರಬೇಕು. ಒಬ್ಬನೇ ಮಗುವಿನ ಜೊತೆ ಇದ್ದರೆ ಇನ್ನೊಬ್ಬರ ಕಣ್ಣಿಗೆ ಬೀಳುವ ಜಾಗದಲ್ಲೇ ಇರಬೇಕು. ಕೇಳಿದರೆ ಎಂಥ ಸಣ್ಣ ನಿಯಮ ಅನಿಸುತ್ತದೆ, ಅಲ್ವಾ? ಇಷ್ಟು ಬರೆದಿಡುವುದಕ್ಕೆ ಅಷ್ಟು ವರ್ಷ ಬೇಕಾಯಿತು.

ಇನ್ನೊಂದು ವಿಷಯ ಈ ಸೀರಿಯಲ್ ಯಾವತ್ತೂ ಸರಿಯಾಗಿ ತೋರಿಸಲಾರದೇನೋ. ಇಲ್ಲಿ ದೂರು ಬಂದ ರಾತ್ರಿಯೇ ಕಥೆಯ ನಾಯಕಿ, ಪೊಲೀಸ್ ಪತ್ತೇದಾರಿ ಒಲಿವಿಯಾ ಬೆನ್ಸನ್ ಕೋಟು ಹಾಕಿಕೊಂಡು ಹೊರಡುತ್ತಾಳೆ. ನಾಸರ್ ಬಗ್ಗೆ ಎಫ್‌ಬಿಐಗೆ ದೂರು ಹೋಗಿದ್ದು 2015ರ ಜುಲೈನಲ್ಲಿ. ಇಂಡಿಯಾನಾಪೊಲಿಸ್ ಆಫೀಸಿನವರು ಮಾತಾಡಿಸಿದ್ದು ಒಬ್ಬಳೇ ಒಬ್ಬಳು ಆಟಗಾರ್ತಿಯನ್ನು, ಅದೂ ಫೋನಿನಲ್ಲಿ. ಅವಳು ಹೇಳಿದ್ದನ್ನು ವರದಿಯಾಗಿ ಬರೆದಿಟ್ಟಿದ್ದು 17 ತಿಂಗಳ ಮೇಲೆ. ಆ ಆಫೀಸಿನ ಮುಖ್ಯಸ್ಥ ಅದೇ ದಿನಗಳಲ್ಲಿ ಒಲಿಂಪಿಕ್ ಸಮಿತಿಯ ಒಂದು ಕೆಲಸದ ಬಗ್ಗೆ ಜಿಮ್ನಾಸ್ಟಿಕ್ಸ್ ಸಂಸ್ಥೆಯ ಅಧ್ಯಕ್ಷನ ಜೊತೆ ಮಾತಾಡುತ್ತಿದ್ದ. ಇದೆಲ್ಲ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2021ರಲ್ಲಿ ಕೊಟ್ಟ ವರದಿಯಲ್ಲೇ ಇದೆ. 2016ರ ಆಗಸ್ಟ್‌ವರೆಗೂ ನಾಸರ್ ತನ್ನ ಕ್ಲಿನಿಕ್ಕಿನಲ್ಲಿ ಹುಡುಗಿಯರನ್ನು ನೋಡುತ್ತಲೇ ಇದ್ದ.

ಎಪಿಸೋಡ್ ಬರೆಯುವವರಿಗೆ ನನ್ನದೊಂದು ಬೇಡಿಕೆ. ಕೋಚ್ ಬೇಡ, ಸ್ಟಾರೂ ಬೇಡ. ಆ ಫೋನ್ ಕರೆ ಮಾಡಿ ಕೆಳಗಿಟ್ಟ ಅಧಿಕಾರಿಯಿಂದ ಶುರು ಮಾಡಿ. ಮರುದಿನ ಅವನು ಆಫೀಸಿಗೆ ಬಂದು ಮೊದಲು ಯಾವ ಫೈಲ್ ತೆಗೆದ, ಇದನ್ನು ಯಾವುದರ ಕೆಳಗೆ ಇಟ್ಟ, ಯಾರು ಕೇಳಿದಾಗ ಏನು ಹೇಳಿದ. ಅದನ್ನು ತೆಗೆದರೆ ನಾನೂ ತಂಗಿಯೂ ಖಂಡಿತ ನೋಡುತ್ತೇವೆ.