ಪೆಡಲಿಗೆ ಬೇಕಾದ ಸಡಿಲ

ಕುಂಬಳೆಯ ಹತ್ತಿರದ ಮನೆಯೊಂದರ ಹಳೆಯ ಗ್ರ್ಯಾಂಡ್ ಪಿಯಾನೋ ಆಟಿ ತಿಂಗಳಲ್ಲಿ ಕೈಕೊಟ್ಟಿತು ಎಂದು ಫೋನ್ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಕಾಸರಗೋಡಿನ ಮಳೆಗೆ ಬಾಗಿಲುಗಳೇ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮರ, ಚರ್ಮ, ಉಣ್ಣೆಯ ಫೆಲ್ಟ್ ಸೇರಿಸಿ ಮಾಡಿದ ವಾದ್ಯ ಸುಮ್ಮನಿದ್ದೀತೇ? ನಾನು ಮುಖ್ಯವಾಗಿ ಭಜನಾ ಮಂದಿರಗಳ ಹಾರ್ಮೋನಿಯಂ ರಿಪೇರಿ ಮಾಡುವವನು. ಪಿಯಾನೋ ಕೆಲಸ ಮಂಗಳೂರಿನ ಟ್ಯೂನರ್ ಒಬ್ಬರ ಹಿಂದೆ ತಿರುಗಿ ಕಲಿತದ್ದು.

ಮನೆಯೊಡತಿ ನಿವೃತ್ತ ಶಿಕ್ಷಕಿ, ಊರಿಗೆಲ್ಲ ‘ಟೀಚರ್’. ಅವರು ಒಂದು ಸ್ವರ ನುಡಿಸಿ ಬೆರಳು ತೆಗೆದರು. ಸದ್ದು ನಿಲ್ಲಲಿಲ್ಲ. ಇನ್ನೊಂದು ನುಡಿಸಿದರು, ಎರಡೂ ಕಲಸಿಹೋದವು. ಕಾಲು ಪೆಡಲಿನ ಮೇಲೆ ಇರಲೇ ಇಲ್ಲ. “ಬೇಸಗೆಯಲ್ಲಿ ಒಬ್ಬರು ಬಂದು ಪೆಡಲ್ ಬಿಗಿ ಮಾಡಿ ಕೊಟ್ಟಿದ್ದರು. ಆಗ ಚೆನ್ನಾಗಿಯೇ ಇತ್ತು ಮಾರಾಯರೇ,” ಎಂದರು. ಅರ್ಧ ರೋಗ ಅಲ್ಲಿಗೇ ಗೊತ್ತಾಯಿತು.

ಚಾಪೆ ಹಾಸಿ ಪಿಯಾನೋದ ಅಡಿಯಲ್ಲಿ ಮಲಗಿದೆ. ಬಲಗಡೆಯ ಪೆಡಲನ್ನು ಒತ್ತಿದರೆ ಅದರ ಹಿಂದಿನ ತುದಿ ಒಂದು ಸರಳನ್ನು ಮೇಲಕ್ಕೆ ನೂಕುತ್ತದೆ. ಸರಳು ಅಡಿಯ ಸನ್ನೆಗೋಲನ್ನು, ಅದು ಮರದ ಗೂಟವೊಂದನ್ನು, ಗೂಟವು ಒಳಗಿನ ಉದ್ದನೆಯ ಪಟ್ಟಿಯನ್ನು ಎತ್ತುತ್ತದೆ. ಆ ಪಟ್ಟಿ ಎದ್ದಾಗ ತಂತಿಗಳ ಮೇಲೆ ಕುಳಿತು ಸದ್ದಡಗಿಸುವ ಡ್ಯಾಂಪರ್‌ಗಳೆಲ್ಲ ಒಮ್ಮೆಗೇ ಏಳುತ್ತವೆ. ಇಷ್ಟೂ ದಾರಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಪಾದ ಐದಾರು ಮಿಲಿಮೀಟರ್ ಇಳಿಯುವ ತನಕ ಡ್ಯಾಂಪರ್ ಅಲುಗಬಾರದು. ಆಟೋರಿಕ್ಷಾದ ಕ್ಲಚ್ಚಿಗೆ ಪ್ಲೇ ಇಡುವ ಹಾಗೆ. ಆದರೆ ಜನಕ್ಕೆ ಸಡಿಲ ಕಂಡರೆ ಆಗುವುದಿಲ್ಲ. ಅದನ್ನು ಮುಪ್ಪು ಎಂದುಕೊಂಡು ಸರಳಿನ ನಟ್ಟು ತಿರುಗಿಸಿಬಿಡುತ್ತಾರೆ. ಇಲ್ಲಿಯೂ ಬೇಸಗೆಯ ಒಣ ಹವೆಯಲ್ಲಿ ಬಿಗಿ ಮಾಡಿದ್ದರು. ಮಳೆಯಲ್ಲಿ ಮರ ಉಬ್ಬಿದಾಗ ಸಡಿಲ ಉಳಿಯದೆ ಪಟ್ಟಿ ಡ್ಯಾಂಪರ್‌ಗಳನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿತ್ತು.

ಊಹೆಯನ್ನು ನಂಬಿ ನಟ್ಟಿಗೆ ಕೈ ಹಾಕುವುದು ನನಗೆ ಇಷ್ಟವಿಲ್ಲ. ಮೊದಲು ಸರಳನ್ನೇ ಕಳಚಿ ಟೀಚರಿಗೆ ನುಡಿಸಲು ಹೇಳಿದೆ. ಸ್ವರಗಳು ಕತ್ತರಿಸಿದಂತೆ ನಿಂತವು, ತೀರಾ ಮಂದ್ರದ ಎರಡನ್ನು ಬಿಟ್ಟು. ಆ ಎರಡರದ್ದು ಬೇರೆ ಕಾಯಿಲೆ: ಡ್ಯಾಂಪರ್‌ನ ಕಂಬಿ ತೂರುವ ರಂಧ್ರದ ಫೆಲ್ಟ್ ತೇವಕ್ಕೆ ಊದಿ ಕಂಬಿಯನ್ನು ಹಿಡಿದಿತ್ತು.

ಸರಳನ್ನು ಮತ್ತೆ ಸೇರಿಸಿದೆ. ಪಾಠಕ್ಕೆ ಬಂದಿದ್ದ ಹುಡುಗಿ ಪೆಡಲನ್ನು ಮೆಲ್ಲನೆ ಒತ್ತುವುದು, ಟೀಚರ್ ಮೇಲಿನಿಂದ ಡ್ಯಾಂಪರ್ ನೋಡಿ “ಈಗ ಎದ್ದಿತು” ಎನ್ನುವುದು, ಕೆಳಗೆ ನಾನು ಅಳತೆಪಟ್ಟಿ ಹಿಡಿಯುವುದು. ನಟ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಅದೇ ಕತೆ. ಹುಡುಗಿಗೆ ಬೇಸರ ಬಂದು ಒಮ್ಮೆ ಧಪ್ಪೆಂದು ತುಳಿದಳು, ನನ್ನ ಕಣ್ಣಿಗೆ ಐವತ್ತು ವರ್ಷದ ಧೂಳು ಬಿತ್ತು.

ನಡುವೆ ಪೆಡಲ್ ಕಿರುಗುಟ್ಟಿದ್ದಕ್ಕೆ ಮನೆಯವರು ಹೊಲಿಗೆ ಯಂತ್ರದ ಎಣ್ಣೆ ತಂದರು. ಬೇಡವೇ ಬೇಡ ಎಂದೆ. ಎಣ್ಣೆ ಫೆಲ್ಟಿಗೆ, ಚರ್ಮಕ್ಕೆ ಇಳಿದರೆ ಮತ್ತೆ ತೆಗೆಯಲಾಗದು. ಮೆದು ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ ಚರ್ಮಕ್ಕೆ ಉಜ್ಜಿದಾಗ ಕಿರುಗು ನಿಂತಿತು. ಪೆಡಲ್‌ಗಳು ಕೂತಿರುವ ಚೌಕಟ್ಟನ್ನು ಹಿಂದಿನಿಂದ ಆನಿಸಿ ಹಿಡಿಯುವ ಎರಡು ಕಂಬಿಗಳಲ್ಲಿ ಒಂದು ಕಾಣೆಯಾಗಿತ್ತು. ಮನೆ ಬದಲಿಸುವಾಗ ಅವು ಕಳೆದುಹೋಗುವುದೇ ಹೆಚ್ಚು. ಅಳತೆ ಬರೆದು ಆಚಾರಿಯವರಿಗೆ ಕಳುಹಿಸಿದೆ.

“ಪುಸ್ತಕದ ಚಿತ್ರದಲ್ಲಿ ಮೂರು ಪೆಡಲ್ ಇದೆ, ಇಲ್ಲಿ ಎರಡೇ ಯಾಕೆ?” ಎಂದು ಹುಡುಗಿ ಕೇಳಿದಳು. ಒತ್ತಿ ಹಿಡಿದ ಸ್ವರಗಳನ್ನು ಮಾತ್ರ ಉಳಿಸುವ ಆ ನಡುವಿನ ಪೆಡಲನ್ನು 1844ರಲ್ಲಿ ಫ್ರಾನ್ಸಿನಲ್ಲಿ ಪಿಯಾನೋ ತಯಾರಿಸುತ್ತಿದ್ದ ಬ್ವಾಸೆಲೊ ಮನೆತನದವರು ತೋರಿಸಿದ್ದರು, 1874ರಲ್ಲಿ ಸ್ಟೈನ್‌ವೇ ಎಂಬ ಪಿಯಾನೋ ಕಂಪೆನಿ ಪೇಟೆಂಟ್ ಪಡೆಯಿತು. ಯುರೋಪಿನ ಎಷ್ಟೋ ಹಳೆಯ ಪಿಯಾನೋಗಳಲ್ಲಿ ಅದು ಇಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ನಟ್ಟಿನ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದೆ. “ಮಕರ ತಿಂಗಳಿನ ಒಣ ಹವೆಯಲ್ಲಿ ಸಡಿಲ ಹೆಚ್ಚಾಗಿ ಪೆಡಲ್ ಟಕ್ ಎನ್ನಬಹುದು ಟೀಚರ್. ಬಿಗಿ ಮಾಡಿಸಬೇಡಿ, ನನ್ನನ್ನು ಕರೆಯಿರಿ. ಮಂದ್ರದ ಎರಡಕ್ಕೆ ಈಗ ಕೈ ಹಾಕುವುದಿಲ್ಲ, ಒಣಗಿದಾಗ ಅವೇ ಬಿಡಬಹುದು.”

“ಮಕ್ಕಳ ಪಾಠ ಅಷ್ಟು ಕೆಳಗೆ ಇಳಿಯುವುದಿಲ್ಲ. ತುಲಾ ಮಳೆ ಕಳೆದ ಮೇಲೆಯೇ ಬನ್ನಿ,” ಎಂದು ಅವರು ಹುಡುಗಿಯನ್ನು ಪಾಠಕ್ಕೆ ಕೂರಿಸಿದರು.